ಬುಟ್ಟಿಯಲ್ಲಿ ಒದರಿದ ಅಕ್ಕನ ಗುಟ್ಟು

ಫೋನ್ ಕಂಪನಿಗಳ ಮೇಲೆ ಒಂದು ಕಣ್ಣಿಟ್ಟಿರಲಿ ಎಂದು ಕುರ್ಚಿ ಹಾಕಿ ಕೂರಿಸಲ್ಪಟ್ಟಿರುವ ಮಾನ್ಯರೇ,

ನನ್ನ ಫೋನಿನೊಳಗೇ ಇರುವ ಒಂದು ಸೌಲಭ್ಯಕ್ಕೆ ನನ್ನ ಕಂಪನಿ ಬೀಗ ಹಾಕಿದೆ. ವೈಫೈ ಕಾಲಿಂಗ್ ಅಂತ ಅದರ ಹೆಸರು. ಟವರಿನ ಸಿಗ್ನಲ್ ಬಾರದ ಕಡೆ, ಗೋಡೆಯ ಮೇಲಿನ ವೈಫೈ ಡಬ್ಬಿಯ ಮೂಲಕವೇ ಮಾಮೂಲಿ ಕರೆ ಬರುವಂತೆ, ಹೋಗುವಂತೆ ಮಾಡುವ ವ್ಯವಸ್ಥೆ. ಫೋನ್ ತಯಾರಿಸಿದವರು ಅದನ್ನು ಒಳಗಿಟ್ಟೇ ಕೊಟ್ಟಿದ್ದಾರೆ. ವೈಫೈ ನಮ್ಮ ಮಾಲೀಕರದು. ಕಂಪನಿಯವರು ಅಡ್ಡ ಬರದೆ ಇದ್ದರೆ ಸಾಕಿತ್ತು. ಅದೊಂದು ಮಾತ್ರ ಅವರ ಕೈಲಾಗುತ್ತಿಲ್ಲ. ಇದರಿಂದಾಗಿ ಒಡಹುಟ್ಟಿದ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅವಳ ಕೆಲಸ ಹೋಗುವುದರಲ್ಲಿದೆ, ನಾನು ತಲೆ ಎತ್ತಿ ಓಡಾಡುವುದನ್ನು ಬಿಟ್ಟಿದ್ದೇನೆ. ಒಂದು ಬೀಗಕ್ಕೂ ಒಬ್ಬಳು ಅಕ್ಕನಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನಗಬೇಡಿ. ನಗಲು ಹೋಗಿಯೇ ಇಷ್ಟೆಲ್ಲ ಆದದ್ದು.

ನಾನು ಹಲ್ಲು ಮಾಡುವವನು. ದಂತವೈದ್ಯನಲ್ಲ, ಅವರ ಹಿಂದಿರುವವನು. ಅವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಪುಟ್ಟ ಡಬ್ಬಿಯಲ್ಲಿಟ್ಟು ವಾಪಸು ಮಾಡುತ್ತೇವೆ. ಈ ಊರಿನ ಅದೆಷ್ಟೋ ಜನ ಫೋಟೋಗೆ ನಗುವುದು ನಮ್ಮ ಕೈಕೆಲಸದಿಂದ. ನಮ್ಮ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಹಿಂದೊಂದು ಕಾಲಕ್ಕೆ ಅದು ಬ್ಯಾಂಕಿನ ತಿಜೋರಿ ಕೋಣೆಯಾಗಿತ್ತಂತೆ. ಗೋಡೆಯೊಳಗೆ ಅಡಿಯಿಂದ ಮುಡಿಯವರೆಗೆ ಕಬ್ಬಿಣ. ಕಳ್ಳನೇ ನುಸುಳಲಾಗದ ಕಡೆ ಸಿಗ್ನಲ್ ಹೇಗೆ ನುಸುಳೀತು? ಪಕ್ಕದ ಚಿಕ್ಕ ಕೋಣೆ ನನ್ನ ಮನೆ. ಮಂಚ ಬೇರೆ, ಗೋಡೆ ಅದೇ. ವೈಫೈ ಮಾತ್ರ ಭರ್ಜರಿಯಾಗಿದೆ. ವೈದ್ಯರು ಈಗೀಗ ಬಾಯಿಯ ಚಿತ್ರಗಳನ್ನು ಕಂಪ್ಯೂಟರಿಗೇ ಕಳಿಸುವುದರಿಂದ ಮಾಲೀಕರು ಅದಕ್ಕೆ ಏನೂ ಕಡಿಮೆ ಮಾಡಿಲ್ಲ.

ಮೇಲೆ, ಬೀದಿಯ ಮಟ್ಟಕ್ಕೆ, ಒಂದು ಗವಾಕ್ಷಿ ಇದೆ. ಓಡಾಡುವವರ ಹಿಮ್ಮಡಿ ಕಾಣುವಷ್ಟು ಕಿಂಡಿ. ಸಿಗ್ನಲ್ ಎನ್ನುವುದು ಅಲ್ಲಿಗೆ ಬಂದು ಇಣುಕಿ ಹೋಗುತ್ತದೆ. ನಮ್ಮಲ್ಲಿ ಮೇಣ ಕಾಯಿಸುವ ಹೆಂಗಸನ್ನು ಮೇಣದಮ್ಮ ಎನ್ನುತ್ತೇವೆ. ಬುದ್ಧಿವಂತೆ. ಅವರು ಒಂದು ತಂತಿಬುಟ್ಟಿಗೆ ಹಗ್ಗ ಕಟ್ಟಿ, ಗವಾಕ್ಷಿಯ ಕೊಕ್ಕೆಯಲ್ಲಿ ತೂರಿಸಿ ಇಳಿಬಿಟ್ಟರು. ಬೆಳಗ್ಗೆ ಬಂದವರೆಲ್ಲ ಫೋನನ್ನು ಬುಟ್ಟಿಗೆ ಹಾಕಿ ಮೇಲೆಳೆಯುವುದು. ನೀರು ಸೇದುವವರು ಕೊಡವನ್ನು ಕೆಳಗೆ ಬಿಡುತ್ತಾರೆ, ಮಾತು ಸೇದುವ ನಾವು ಮೇಲಕ್ಕೆ ಬಿಡುತ್ತೇವೆ, ಅಷ್ಟೇ ವ್ಯತ್ಯಾಸ. ಎಲ್ಲರ ಕೈಯೂ ಪ್ಲಾಸ್ಟರ್ ಮೆತ್ತಿದ ಕೈ, ಇಳಿಸಿ ಎತ್ತಿಕೊಳ್ಳುವಷ್ಟರಲ್ಲಿ ಕರೆ ಕಟ್ಟಾಗುತ್ತದೆ. ಹಾಗಾಗಿ ಫೋನುಗಳು ತಾವಾಗಿಯೇ ಕರೆ ಎತ್ತಿಕೊಂಡು ಸ್ಪೀಕರಿನಲ್ಲಿ ಮಾತಾಡುವಂತೆ ಮಾಡಿಟ್ಟೆವು. ಅದು ಮೇಲಿಂದ ಒದರುವುದು, ನಾವು ಕೂತಲ್ಲಿಂದಲೇ ಕತ್ತೆತ್ತಿ ಕೂಗುವುದು.

ಇಂಥ ಕೋಣೆಯಲ್ಲಿ ಯಾರದ್ದೇನು ಗುಟ್ಟು ಉಳಿದೀತು ಹೇಳಿ! ಹಲ್ಲಿಗೆ ಹೊಳಪು ಕೊಡುವ ನಮ್ಮ ಉಜ್ಜುವವನ ಹೆಂಡತಿ ಒಂದು ದಿನ "ನಿಮ್ಮಮ್ಮ ಬಂದು ಕೂತವ್ರೆ, ಎದ್ದು ಹೋಗೋ ಲಕ್ಷಣ ಕಾಣ್ತಿಲ್ಲ" ಎಂದದ್ದನ್ನು ನಾವೆಲ್ಲ ಕೇಳಿದೆವು. ಹಿಂದೆಯೇ ಆ ಅಮ್ಮ "ನಂಗೂ ಕೇಳಿಸ್ತು ಕಣೇ" ಎಂದದ್ದನ್ನೂ ಕೇಳಿದೆವು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಾಚಿಕೆ ಎನ್ನುವುದು ದಿನಾ ಸ್ವಲ್ಪ ಸ್ವಲ್ಪವೇ ಸವೆದರೆ ಸವೆದದ್ದು ಗೊತ್ತಾಗುವುದಿಲ್ಲ, ಮಾನ್ಯರೇ. ಬರಬರುತ್ತ ಬುಟ್ಟಿಯೇ ನಮಗೆ ರೇಡಿಯೋ ಆಯಿತು.

ಅದರಲ್ಲಿ ನಾನೊಂದು ಆಟ ಹುಟ್ಟುಹಾಕಿದೆ. ಮುಂದಿನ ಹಲ್ಲಿಲ್ಲದ ಬಾಯಿ "ಸ" ಎಂದರೆ ಗಾಳಿ ಒಂದು ಥರ ಸೋರುತ್ತದೆ, ಕಟ್ಟಿದ ಹಲ್ಲು ಸಡಿಲವಾಗಿದ್ದರೆ ಇನ್ನೊಂದು ಥರ ಟಕಟಕಿಸುತ್ತದೆ. ಕರೆ ಮಾಡಿದವರ ದನಿ ಕೇಳಿಯೇ ಯಾವ ಹಲ್ಲು ಹೋಗಿದೆ ಎಂದು ಮೊದಲು ಹೇಳಿದವನೇ ಗೆದ್ದ. ಗೆಲ್ಲುತ್ತಿದ್ದವನು ಯಾವಾಗಲೂ ನಾನೇ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಈಗ ಅಕ್ಕನ ವಿಷಯ. ನನ್ನ ಅಕ್ಕ ಪಕ್ಕದ ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ಬಸ್ಸು, ಎಲ್ಲಿಗೆ, ಯಾವ ಅಂಕಣದಲ್ಲಿ ಎಂದು ಹೇಳುವ ದನಿ ಅವಳದು. ಗಂಟೆ ಹೊಡೆದಂಥ ದನಿ. ಅವಳು "ಹೊರಡಲಿದೆ" ಎಂದರೆ ಟೀ ಕುಡಿಯುತ್ತಿದ್ದ ಡ್ರೈವರು ಲೋಟ ಇಟ್ಟು ಏಳುತ್ತಿದ್ದ. ಅಮ್ಮ ಹೋದ ಮೇಲೆ ನನ್ನನ್ನು ಗದರಿ, ಉಣಿಸಿ, ಮಲಗಿಸಿ ದೊಡ್ಡವನನ್ನು ಮಾಡಿದ್ದೂ ಅದೇ ದನಿ. ಒಸಡಿನ ಕಾಯಿಲೆ ಬಂದು ಅವಳ ಮುಂದಿನ ಹಲ್ಲುಗಳನ್ನು ಕೀಳಬೇಕಾಯಿತು. ಶೀತವಾಗಿದೆ ಎಂದು ಕಚೇರಿಗೆ ರಜೆ ಹಾಕಿ, ಯಾರಿಗೂ ಹೇಳದೆ ಮನೆಯಲ್ಲಿ ಕೂತಳಂತೆ. ಆಮೇಲೆ ಧೈರ್ಯ ಮಾಡಿ ನನಗೆ ಫೋನ್ ಮಾಡಿದಳು. ಕೆಲಸದ ಹೊತ್ತಿನಲ್ಲಿ ಅವಳು ಯಾವತ್ತೂ ಕರೆ ಮಾಡಿದವಳಲ್ಲ.

ಬುಟ್ಟಿಯಲ್ಲಿ ನನ್ನ ಫೋನು ತಾನಾಗಿ ಎತ್ತಿಕೊಂಡಿತು. ಒಂದು ದನಿ, ಅವಸರದಲ್ಲಿ, ಹೆಸರು ಹೇಳದೆ, ಕುಶಲ ಕೇಳದೆ: "ನೋಡು, ಯಾರಿಗೂ ಗೊತ್ತಾಗಬಾರದು. ನಂಗೆ ಹಲ್ಲು ಬೇಕು. ಸ್ವಲ್ಪ ಬೇಗ ಮಾಡಿಕೊಡೋಕಾಗುತ್ತಾ?"

ವೈದ್ಯರು ರೋಗಿಗಳಿಗೆ ನನ್ನ ನಂಬರು ಕೊಡುವುದುಂಟು, ಅವರೆಲ್ಲ ಮಾತಾಡುವುದೂ ಹೀಗೆಯೇ. ನಾನು ಮೇಣದ ಚಾಕು ಮೇಲೆತ್ತಿ, ಗೆದ್ದ ಹುಮ್ಮಸ್ಸಿನಲ್ಲಿ ಕೂಗಿದೆ: "ಮೇಲಿನ ನಾಲ್ಕೂ ಇಲ್ಲ, ಬರೆದಿಟ್ಟುಕೊಳ್ಳಿ! ಬಾಗಿಲು ತೆಗೆದಿಟ್ಟ ಮನೆ ಥರ ಗಾಳಿ ಆಡ್ತಾ ಇದೆ!"

ಕೋಣೆಗೆ ಕೋಣೆಯೇ ನಕ್ಕಿತು. ಉಜ್ಜುವವನು ಮೇಜು ಬಡಿದು ನಕ್ಕ.

ನಗು ಇಳಿಯಿತು. ಆಮೇಲೆ ಬುಟ್ಟಿಯಿಂದ, ಮೆಲ್ಲಗೆ: "ನಾನು ಕಣೋ."

ಕರೆ ಕಟ್ಟಾಯಿತು. ಮೇಣದಮ್ಮ ಒಲೆ ಆರಿಸಿದರು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಸ್ವಂತ ಅಕ್ಕನ ದನಿ ಗುರುತು ಹಿಡಿಯಲಿಲ್ಲ ನಾನು. ಹಲ್ಲು ಗುರುತು ಹಿಡಿದೆ. ಈ ತಪ್ಪಿನಲ್ಲಿ ನನ್ನ ಪಾಲು ನನ್ನದೇ, ಅದನ್ನು ನಿಮ್ಮ ಮೇಜಿನ ಮೇಲೆ ಸುರಿಯಲು ಬಂದಿಲ್ಲ. ಆದರೆ ಒಬ್ಬರ ಕಿವಿಗೆಂದು ಹೊರಟ ಮಾತು ಕೋಣೆಗೆಲ್ಲ ಯಾಕೆ ಕೇಳಬೇಕಿತ್ತು ಎನ್ನುವುದಕ್ಕೆ ಉತ್ತರ ನನ್ನಲ್ಲಿಲ್ಲ. ಅದು ಇರುವುದು ನಿಮ್ಮ ಕಣ್ಣಳತೆಯಲ್ಲಿರುವ ಕಂಪನಿಗಳಲ್ಲಿ.

ಆ ಸಂಜೆಯೇ ಅವಳ ಮನೆಗೆ ಹೋದೆ. ಬಾಗಿಲನ್ನು ಅರ್ಧ ತೆಗೆದಳು. ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಅಕ್ಕಾ, ಅಚ್ಚು ತೆಗೆಸು. ನಾನೇ ಕೂತು ಮಾಡಿಕೊಡ್ತೀನಿ."

"ನನ್ನ ಬಾಯಿಯ ಅಚ್ಚು ಆ ಕೋಣೆಗೆ ಬರೋದು ಬೇಡ."

"ಬೇರೆಯವರ ಹತ್ರ ಮಾಡಿಸೋಣ."

"ಅಲ್ಲೂ ನಿನ್ನಂಥವನೊಬ್ಬ ಇರ್ತಾನೆ." ಬಾಗಿಲನ್ನು ಇನ್ನೂ ಸ್ವಲ್ಪ ಮುಂದೆ ಮಾಡಿ, "ಎದುರಿಗೆ ನಿಂತು ಮಾತಾಡೋಕೆ ನಂಗಾಗಲ್ಲ ಕಣೋ. ನೀನು ಬಾಯಿ ನೋಡ್ತೀಯ."

"ನೋಡಲ್ಲ ಅಕ್ಕ, ಆಣೆಗೂ ನೋಡಲ್ಲ."

"ಈಗ್ಲೂ ನೋಡ್ತಿದ್ದೀಯ."

ನೋಡುತ್ತಿದ್ದೆ, ಮಾನ್ಯರೇ. ಅಷ್ಟು ವರ್ಷದ ಕಸುಬು, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ.

"ಫೋನಲ್ಲಾದ್ರೆ ಹೇಳ್ತೀನಿ. ನಿನ್ನ ಕಿವಿ ಒಂದೇ ಇರಬೇಕು" ಎಂದು ಬಾಗಿಲು ಹಾಕಿಕೊಂಡಳು.

ಎಷ್ಟು ಸಣ್ಣ ಬೇಡಿಕೆ ನೋಡಿ. ಫೋನ್ ಎನ್ನುವ ವಸ್ತು ಹುಟ್ಟಿದ್ದೇ ಅದಕ್ಕಲ್ಲವೆ? ಮರುದಿನ ಬೀದಿಗೆ ಹೋಗಿ ನಿಂತು ಕರೆ ಮಾಡಿದೆ. ಎತ್ತಿದಳು. ಏನೋ ಹೇಳತೊಡಗಿದಳು. ಪಕ್ಕದಲ್ಲೇ ಲಾರಿಯೊಂದು ಹಾದುಹೋಯಿತು. "ಆಂ? ಏನಂದೆ?" ಎಂದೆ. ಮತ್ತೆ ಹೇಳಿದಳು. ಯಾರೋ ಹಾರ್ನ್ ಹೊಡೆದರು. "ಕೇಳ್ತಿಲ್ಲ ಅಕ್ಕ, ಸ್ವಲ್ಪ ಜೋರಾಗಿ!" ಎಂದೆ. ಬಾಯಿ ತೆರೆಯಲು ನಾಚುವವಳಿಗೆ ಜೋರಾಗಿ ಹೇಳು, ಬಿಡಿಸಿ ಹೇಳು, ಇನ್ನೊಮ್ಮೆ ಹೇಳು ಎಂದು ನಡುಬೀದಿಯಲ್ಲಿ ಕೂಗುತ್ತಿದ್ದೆ. ಕೊನೆಗೆ "ಏನಿಲ್ಲ ಬಿಡು" ಎಂಬುದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಇಷ್ಟರಲ್ಲಿ ಉಜ್ಜುವವನ ಫೋನು ಪ್ಲಾಸ್ಟರ್ ಬಕೆಟ್ಟಿಗೆ ಬಿದ್ದು ಕಲ್ಲಾಯಿತು. ಅವನು ನನ್ನದೇ ಕಂಪನಿಯ ಅಂಗಡಿಯಲ್ಲಿ ಹೊಸದು ಕೊಂಡ. ನನ್ನ ಫೋನೂ ಅವನದೂ ಒಂದೇ ಮಾಡೆಲ್ಲು, ಒಂದೇ ಬಣ್ಣ. ಪಕ್ಕಪಕ್ಕ ಇಟ್ಟರೆ ಅವಳಿಜವಳಿ. ಅವನದು ವೈಫೈ ಮೂಲಕ ನೆಲಮಾಳಿಗೆಯಲ್ಲಿ ಕೂತಲ್ಲೇ ರಿಂಗಾಯಿತು! ಅವನು ಹೆಂಡತಿಯ ಜೊತೆ ಪಿಸುಮಾತಾಡಿದ್ದನ್ನು ನಾವು ಮೊದಲ ಸಲ ನೋಡಿದೆವು. ಏನು ಹೇಳಿದಳೋ ನಮಗೆ ಗೊತ್ತಾಗಲಿಲ್ಲ. ಎಂಥ ಮರ್ಯಾದಸ್ಥ ದೃಶ್ಯ ಅದು! ಅವನ ಫೋನು ಇಸಕೊಂಡು, ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿ ಅಕ್ಕನಿಗೆ ಕರೆ ಮಾಡಿದೆ.

"ಯಾರ ಫೋನು ಇದು?" ಎಂದಳು.

"ನಮ್ಮ ಉಜ್ಜುವವನದು ಅಕ್ಕ."

"ಅವತ್ತು ಅವನೂ ನಕ್ಕನಾ?"

ಅಕ್ಕನಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಹೂಂ" ಎಂದೆ. ಇಟ್ಟುಬಿಟ್ಟಳು.

ಆಗ ನಿಮ್ಮ ಉಸ್ತುವಾರಿಯಲ್ಲಿರುವ ಆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಬೀದಿಯಲ್ಲಿ ನಿಂತೇ. ಸಹಾಯವಾಣಿಯೂ ನೆಲಮಾಳಿಗೆಗೆ ಬರುವುದಿಲ್ಲವಲ್ಲ. ಹುಡುಗಿ ಸಕ್ಕರೆ ಸುರಿದಂತೆ ಮಾತಾಡಿದಳು.

"ನಿಮ್ಮ ಹ್ಯಾಂಡ್‌ಸೆಟ್ ಅರ್ಹ ಪಟ್ಟಿಯಲ್ಲಿಲ್ಲ ಸರ್."

"ಅದೇ ಫೋನು ನಮ್ಮ ಉಜ್ಜುವವನ ಹತ್ರ ಇದೆಯಲ್ಲಮ್ಮ, ಅವನದು ನಡೀತಿದೆ."

"ಅದು ನಮ್ಮ ಅಂಗಡಿಯಲ್ಲಿ ತಗೊಂಡಿರೋದು ಸರ್. ನಿಮ್ಮದು ಹೊರಗಿನದು."

"ಒಳಗಿರೋ ಯಂತ್ರ ಒಂದೇ ಅಲ್ವಾ?"

"ಹೌದು ಸರ್."

"ಮತ್ತೆ?"

"ನಿಮ್ಮ ಹ್ಯಾಂಡ್‌ಸೆಟ್ ಅರ್ಹ ಪಟ್ಟಿಯಲ್ಲಿಲ್ಲ ಸರ್. ಬೇರೆ ಏನಾದ್ರೂ ಸಹಾಯ ಬೇಕಾ ಸರ್?"

ಪಾಪ, ಅವಳನ್ನು ಬಯ್ಯಲಾರೆ. ಅವಳ ಬಾಯಿಗೆ ಮಾತು ಕೂರಿಸಿದವರು ಬೇರೆ. ಆದರೆ ಆ ಪಟ್ಟಿ ಯಾರದು? ನಾನು ಮಾಡಿದ ಹಲ್ಲು ಕಟ್ಟಿಸಿಕೊಂಡವರಿಗೆ "ನೀವು ನಮ್ಮ ಅಂಗಡಿಯ ಕಡಲೆಯನ್ನಷ್ಟೇ ಅಗಿಯಬಹುದು, ಹೊರಗಿನ ಕಡಲೆಗೆ ನಿಮ್ಮ ಹಲ್ಲು ಅರ್ಹವಲ್ಲ" ಎಂದು ನಾನು ಹೇಳಿದರೆ ನೀವು ನನ್ನನ್ನು ಸುಮ್ಮನೆ ಬಿಡುತ್ತೀರಾ? ಇನ್ನೊಂದು ಕಂಪನಿಗೆ ಹೋಗು ಎನ್ನುತ್ತೀರೇನೋ. ಹೋಗಿ ವಿಚಾರಿಸಿದೆ. ಅವರ ಪಟ್ಟಿ ಬೇರೆ, ಅದರಲ್ಲೂ ನನ್ನ ಫೋನಿಲ್ಲ. ಆ್ಯಪಿನಲ್ಲಿ ಮಾತಾಡು ಎನ್ನುತ್ತೀರೇನೋ. ಅಕ್ಕನದು ಗುಂಡಿ ಫೋನು, ಕರೆ ಬಿಟ್ಟು ಬೇರೇನೂ ಅರಿಯದ್ದು. ಊರಾಚೆಯ ಮೈದಾನಕ್ಕೆ ಹೋಗಿ ಮಾತಾಡು ಎನ್ನುತ್ತೀರೇನೋ. ಹೇಳಲಾಗದ್ದನ್ನು ಹೇಳುವ ಧೈರ್ಯ ಅವಳಿಗೆ ಯಾವ ಗಳಿಗೆಯಲ್ಲಿ ಬರುತ್ತದೋ ಯಾರು ಬಲ್ಲರು? ಬಂದ ಗಳಿಗೆಯಲ್ಲಿ ನಾನು ಸಿಗಬೇಕು. ಅದಕ್ಕಾಗಿ ಮೈದಾನದಲ್ಲೇ ಗುಡಿಸಲು ಹಾಕಿಕೊಳ್ಳಲೆ? ಕಾಡಿನಲ್ಲೋ ಗುಡ್ಡದಲ್ಲೋ ಸಿಗ್ನಲ್ ಇಲ್ಲವೆಂದರೆ ಒಪ್ಪಿಕೊಂಡು ಸುಮ್ಮನಿರಬಹುದು. ಇಲ್ಲಿ ದಾರಿ ಇದೆ, ಗಾಡಿ ಇದೆ, ನಡುವೆ ಯಾರೋ ಕೋಲು ಅಡ್ಡ ಹಿಡಿದು ನಿಂತಿದ್ದಾರೆ. ಆ ಯಾರೋ ಮಾಡುವುದನ್ನು ನೀವು ನೋಡುತ್ತಿದ್ದೀರಿ. ನಿಮಗೆ ನಾಚಿಕೆಯಾಗುವುದಿಲ್ಲವೆ ಎಂದು ಕೇಳುವ ಯೋಗ್ಯತೆ ನನಗಿಲ್ಲ. ನನಗಂತೂ ಆಗುತ್ತಿದೆ. ಸ್ವಲ್ಪ ಹಂಚಿಕೊಳ್ಳಿ ಎನ್ನುತ್ತಿದ್ದೇನೆ.

ಬಸ್ ನಿಲ್ದಾಣದಲ್ಲಿ ಈಗ ಯಂತ್ರದ ದನಿ ಹಾಕಿದ್ದಾರೆ. ಬಸ್ಸು ಹೋದ ಮೇಲೆ "ಹೊರಡಲಿದೆ" ಎನ್ನುತ್ತದಂತೆ. ಆದರೂ ಯಂತ್ರ ರಜೆ ಕೇಳುವುದಿಲ್ಲವಲ್ಲ. ಅಕ್ಕನ ಮೇಲಿನವರು ಒಳ್ಳೆಯವರೇ, "ತಿಂಗಳು ಮುಗಿಯೋದರೊಳಗೆ ಬಂದು ಮೈಕ್ ಹಿಡೀರಿ, ಆಮೇಲೆ ನನ್ನ ಕೈಲಿಲ್ಲ" ಎಂದಿದ್ದಾರೆ. ಅಚ್ಚು ತೆಗೆಸಿದರೆ ನನಗೆ ಬೇಕಾದದ್ದು ಕೆಲವೇ ದಿನ. ಅವಳು ಹೂಂ ಎನ್ನಬೇಕು. ಹೂಂ ಎನ್ನುವ ಮೊದಲು ನನಗೆ ಬಯ್ಯಬೇಕು, ಅಳಬೇಕು. ಅದಕ್ಕೆ ಅವಳಿಗೊಂದು ಕಿವಿ ಬೇಕು.

ಅವತ್ತಿನಿಂದ ನನ್ನ ಫೋನನ್ನು ಬುಟ್ಟಿಗೆ ಹಾಕಿಲ್ಲ, ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಮೊನ್ನೆ ಊಟದ ಹೊತ್ತಿಗೆ ಬೀದಿಗೆ ಹೋದೆ. ಮೆಟ್ಟಿಲು ಮುಗಿಯುತ್ತಿದ್ದಂತೆ ಫೋನು ಎರಡು ಸಲ ಮಿಡುಕಿತು. ಬೆಳಗ್ಗೆ ಅಕ್ಕ ಎರಡು ಬಾರಿ ಕರೆ ಮಾಡಿದ್ದಳೆಂಬ ಸಂದೇಶಗಳು. ಅವಳಾಗಿಯೇ ಕರೆ ಮಾಡಿದ್ದಳು! ನಾನು ಯಾರದೋ ಕೋರೆಹಲ್ಲು ಕೂರಿಸುತ್ತ ಕೆಳಗೆ ಕೂತಿದ್ದೆ, ನೆತ್ತಿಯ ಮೇಲೆ ವೈಫೈ ಡಬ್ಬಿಯ ಹಸಿರು ದೀಪ ಉರಿಯುತ್ತಿತ್ತು. ತಕ್ಷಣ ವಾಪಸು ಮಾಡಿದೆ. ಎತ್ತಲಿಲ್ಲ. ತಮ್ಮನೂ ನನ್ನನ್ನು ಬೇಡವೆಂದ ಎಂದುಕೊಂಡಳೋ ಏನೋ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟು. ಫೋನು ಎಲ್ಲಿ ಕೊಂಡದ್ದೆಂದು ನೋಡಿ ಅದರೊಳಗಿನ ಸೌಲಭ್ಯಕ್ಕೆ ಬೀಗ ಹಾಕಬಾರದೆಂದು ಎಲ್ಲ ಕಂಪನಿಗಳಿಗೂ ಅಪ್ಪಣೆ ಮಾಡಿ. ಹಾಕಿದವರು ತೆಗೆಯಲಿ. ಸಮಿತಿ ಮಾಡಿ, ವರದಿ ತರಿಸಿ, ಪರಿಶೀಲಿಸಿ ಎಂದೆಲ್ಲ ನಿಮಗೆ ಹೊತ್ತು ಹಿಡಿಯುವುದಾದರೆ ಹಿಡಿಯಲಿ, ಅದು ದೊಡ್ಡವರ ಕೆಲಸ. ಅಷ್ಟರೊಳಗೆ ನನ್ನದೊಂದರ ಬೀಗ ತೆಗೆಸಿಕೊಡಿ. ಎರಡು ಸಲ ಕರೆದವಳು ಮೂರನೆಯ ಸಲ ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಕರೆದರೆ ಮೊದಲನೇ ರಿಂಗಿಗೇ ಎತ್ತಿ, ಬಾಯಿ ಮುಚ್ಚಿಕೊಂಡು, ಅವಳು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಬೇಕು.

ಇಂತಿ,
ಅಕ್ಕನ ದನಿ ಮರೆತು ಹಲ್ಲು ಎಣಿಸಿದ
ನೆಲಮಾಳಿಗೆಯ ತಮ್ಮ