ಹೊಗೆಕೊಳವೆಯ ಟೋಪಿ

ಮೈಸೂರು
ಫೆಬ್ರವರಿ ೧೯೭೬

ಅಕ್ಕಯ್ಯಾ,

ತಲೆ ತಗ್ಗಿಸಿ, ಕೈಕಟ್ಟಿ ನಿಂತು ಸತ್ಯವನ್ನೇ ಹೇಳುತ್ತೇನೆ: ನಾನು ಕಳ್ಳ. ನೀನು ಹೋದಮೇಲೆ ನಿನ್ನ ಶಿವಗಣಾರಾಧನೆಯ ಊಟ ಮುಗಿದ ಮಧ್ಯಾಹ್ನ, ಬಾಯಲ್ಲಿ ಎಲೆಯಡಿಕೆ ಇರುವಾಗಲೇ, ಹಾರನಹಳ್ಳಿಯ ನಿನ್ನ ಮನೆಯ ಸೂರಿಗೆ ಏಣಿ ಹಾಕಿ, ಅಡುಗೆಮನೆಯ ಹೊಗೆಕೊಳವೆಯ ತಗಡಿನ ಟೋಪಿ ಕಿತ್ತುಕೊಂಡೆ. ಏಣಿ ಹಿಡಿದು ನಿಂತವರು ನಂಜಣ್ಣ ಭಾವ. ಹಾಗಾಗಿ ಎರಡನೆಯ ಆರೋಪಿ ನಿನ್ನ ಗಂಡನೇ.

ಕದ್ದದ್ದು ಕಾಲೇಜಿನಲ್ಲಿ ತೋರಿಸಲು. ನಿನ್ನ ಒಲೆಯ ಬಗ್ಗೆ ಕೊಚ್ಚಿಕೊಂಡಷ್ಟು ನನ್ನ ಎಂ.ಎ. ಬಗ್ಗೆಯೂ ನಾನು ಕೊಚ್ಚಿಕೊಂಡವನಲ್ಲ. "ಮಸಿಯೇ ಕೂರದ ಕೊಳವೆ ನಮ್ಮಕ್ಕನ ಮನೇದು" ಎಂದರೆ ಸ್ಟಾಫ್ ರೂಮಿನಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಪೆನ್ನಿನ ಮಸಿ ನನಗೆ, ಪಾತ್ರೆಯ ಮಸಿ ನಿನಗೆ ಎಂದು ಹಂಚಿಕೊಂಡು ಬೆಳೆದವರು ನಾವು. ನಿನ್ನ ಪಾಲಿನದನ್ನು ನಾನೇ ಅಳಿಸಿದೆನೆಂಬ ಜಂಬ.

ನಾನು ಓದುವಾಗ ನೀನು ಒಲೆ ಊದುತ್ತಿದ್ದೆ. "ಕಣ್ಣಲ್ಲಿ ನೀರು ಬಂದ್ರೆ ಅಕ್ಕ ಅಳ್ತಾವ್ಳೆ ಅನ್ಕಬ್ಯಾಡ ಕಣ್ಲಾ, ಸೌದೆ ಅಸಿ" ಎನ್ನುತ್ತಿದ್ದೆ. ಕೆಲಸ ಸಿಕ್ಕಮೇಲೆ, ಆ ಹೊಗೆ ನಿನಗೆ ತಂದಿಟ್ಟ ಕೆಮ್ಮಿಗೆ ನಾನೇ ಮದ್ದು ಎಂದುಕೊಂಡು ಹುಣಸೂರಿನಿಂದ ತಗಡಿನ ಕೊಳವೆ ತಂದೆ. ಅದು ಸೂರಿನ ಹುಲ್ಲಿಗೆ ತಾಕದಂತೆ ತೂತಿಗೆ ತಳ ಒಡೆದ ಗುಡಾಣ ಕೂರಿಸಿ, ಸುತ್ತ ಜೇಡಿಮಣ್ಣು ಮೆತ್ತಿಸಿದೆ. ಕಿಡಿ ಹಾರದಿರಲೆಂದು ಮೇಲೊಂದು ಟೋಪಿ. ಅಷ್ಟಕ್ಕೆ ಸುಮ್ಮನಿದ್ದೆನೇ? ಮೇಷ್ಟ್ರಲ್ಲವೇ, ಪಾಠ ಶುರುಮಾಡಿದೆ. ಹಸಿ ಸೌದೆ ಹಾಕಿದರೆ ಒಳಗೆ ಮಸಿ ಕಟ್ಟಿ, ಒಂದು ದಿನ ಆ ಮಸಿಗೇ ಬೆಂಕಿ ಹತ್ತುತ್ತದೆ. ತೆಂಗಿನಗರಿ ತುರುಕಿದರೆ ಉರಿ ಕೊಳವೆಗೆ ಏರುತ್ತದೆ. ಏರಿದರೆ ಸೂರು, ಸೂರಿನಿಂದ ಹುಲ್ಲಿನ ಮೆದೆ, ಮೆದೆಯಿಂದ ಇಡೀ ಬೀದಿ! ನೀನು ಬಾಯಿಗೆ ಸೆರಗು ಹಿಡಿದು ಕೇಳಿದೆ. "ಆಯ್ತು ಕಣಪ್ಪ" ಎಂದೆ.

ಆಮೇಲೆ ಬಂದಾಗಲೆಲ್ಲ ಆ ಒಲೆಯ ಮೇಲೇ ನನಗೆ ಕಾಫಿ. "ಒಗೇನೇ ಇಲ್ಲ ಕಣ್ಲಾ!" ಎನ್ನುತ್ತಿದ್ದೆ ನೀನು. ಕೋಲಿಗೆ ತೆಂಗಿನ ನಾರು ಸುತ್ತಿ ಕೊಳವೆಯೊಳಗೆ ಆಡಿಸಿದರೆ ನಾರು ಹೋದಷ್ಟೇ ಚೊಕ್ಕಟವಾಗಿ ಬರುತ್ತಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಕಪ್ಪಾದ ಮೂರು ಕಲ್ಲು ಕಂಡು ಕೇಳಿದರೆ, "ಎತ್ಗೆ ಉಳ್ಳಿ ಬೇಯ್ಸಾಕೆ" ಎಂದೆ ನೀನು. ಕೆಮ್ಮು ಮಾತ್ರ ಹೋಗಲಿಲ್ಲ. ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು "ಮನೆಯಲ್ಲಿ ಹೊಗೆ ಇದೆಯೇನಮ್ಮ?" ಎಂದಾಗ ನೀನು ಬಾಯಿ ತೆರೆಯುವ ಮೊದಲೇ ನಾನು ನನ್ನ ಕೊಳವೆಯ ಪುರಾಣ ಬಿಚ್ಚಿದೆ. ನೀನು ಗೋಡೆಯ ಕಡೆ ಮಗ್ಗುಲಾದೆ.

ಆರಾಧನೆಯ ದಿನ ಏಣಿ ಇಳಿದು ಟೋಪಿ ತಿರುಗಿಸಿದರೆ ಒಳಗೆ ಥಳಥಳ. ನನ್ನ ಮೂಗೇ ಕಂಡಿತು. "ನೋಡಿ ಭಾವ!" ಎಂದೆ. ಭಾವ ಏಣಿಯನ್ನು ಗೋಡೆಗೊರಗಿಸಿ, ಮುಖ ನೋಡದೆ ಹೇಳಿದರು: "ನೀನ್ ಅಂಗೆ ಎದ್ರಿಸ್‌ಬುಟ್ಟು ಓದ್ರೆ ಅವಳೇನ್ ಮಾಡಾಳು ರುದ್ರಾ? ಸೂರು ಅತ್ಕಂಡ್ರೆ ಅಂತ ಜೀವ ಕೈಲಿಡ್ಕಂಡಿರೋಳು. ಅಡ್ಗೆ ಎಲ್ಲಾ ಕೊಟ್ಗೇಲೇ. ನೀನ್ ಬಂದಾಗ ಕಾಪಿ ಕಾಯ್ಸೋಳು, ಅಷ್ಟೇಯ. ಯೋಳ್ಬ್ಯಾಡಿ, ನನ್ ತಮ್ಮ ನೊಂದ್ಕತ್ತಾನೆ ಅಂದಿದ್ಲು."

ಊರಿಗೆಲ್ಲ ಬುದ್ಧಿ ಹೇಳುವ ನನಗೆ ಟೋಪಿ ಹಾಕಿದವಳು ನೀನೊಬ್ಬಳೇ. ನನ್ನ ಮನೆಯಲ್ಲಿ ಸೀಮೆಎಣ್ಣೆ ಸ್ಟವ್. ಕಣ್ಣೀರಿಗೆ ಹಸಿ ಸೌದೆಯ ನೆಪವೂ ಇಲ್ಲ.

ಶಿವನ ಮನೆಯಲ್ಲಿ ಯಾರೂ ನಿನಗೆ ಒಲೆ ಹಚ್ಚಲು ಹೇಳದಿರಲಿ. ಎದೆ ತುಂಬ ಗಾಳಿ ಎಳೆದುಕೋ, ಅಕ್ಕಯ್ಯಾ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿನ್ನೆ ಟೋಪಿಯನ್ನು ಸ್ಟಾಫ್ ರೂಮಿಗೆ ಒಯ್ದಿದ್ದೆ. ಎಲ್ಲರೂ ಬೆರಳಾಡಿಸಿ ನೋಡಿದರು, ಒಂದು ಚೂರೂ ಮಸಿಯಿಲ್ಲವಲ್ಲ ಎಂದು ಬೆನ್ನು ತಟ್ಟಿದರು. ನಾನು ಬಾಯಿ ಬಿಡಲಿಲ್ಲ.

ನಿನ್ನ ಹೊಗೆಯಲ್ಲೇ ಓದಿದ ತಮ್ಮ,
ರುದ್ರಸ್ವಾಮಿ