ನೀನು ಓದದೆ ಬಿಟ್ಟ ಸಾಲು

ಶ್ರೀ. ಮುಂದೆ ನಡೆದು ಹಾದಿ ತೋರುವ ನಾರಾಯಣನಿಗೆ ನಮಸ್ಕಾರ.
ಮಾರ್ಗಶಿರ ಶುದ್ಧ ದಶಮಿ, ನಿನ್ನ ಪ್ರಥಮ ಆಬ್ದಿಕದ ಸಂಜೆ, ಬುಕ್ಕಾಂಬುಧಿ.

ಪೂಜ್ಯನಾದ ಅಣ್ಣನಿಗೆ ತಮ್ಮನ ಸಾಷ್ಟಾಂಗ ನಮಸ್ಕಾರಗಳು. ಮಕ್ಕಳಿಲ್ಲದ ನಿನಗೆ ಬೆಳಿಗ್ಗೆ ಪಿಂಡವಿಟ್ಟ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಶ್ರಾದ್ಧವನ್ನು ಶ್ರದ್ಧೆಯಿಂದ ಮಾಡಿದೆನೆಂದರೆ ಸುಳ್ಳಾದೀತು. ನೀನು ನನಗೆ ಮಾಡಿದ್ದು ಮೋಸ.

ಕಡೂರಿನ ವೈದ್ಯೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡ ದಿನ ನೆನಪಿದೆಯೇ? ಕಾಲಿನ ರಕ್ತನಾಳಗಳು ಕಿರಿದಾಗಿವೆ, ನಡೆದರೆ ಮೀನಖಂಡ ಹಿಡಿಯುವುದು ಅದರಿಂದಲೇ ಎಂದು ತಿಳಿಸಿ, "ಮಾತ್ರೆ ಜೊತೆಗೆ ನಡಿಗೇನೂ ಔಷಧೀನೇ. ನೋವು ಬರೋವರ್ಗೂ ನಡೀರಿ, ಬಂದ್ಮೇಲೆ ನಿಲ್ರಿ, ಹೋದ್ಮೇಲೆ ಮತ್ತೆ ನಡೀರಿ" ಎಂದರು. ಉಳಿದುದನ್ನು ಚೀಟಿಯಲ್ಲಿ ಬರೆದು, ನಿನ್ನೊಡನೆ ನಡೆಯಬೇಕಾದ ನನ್ನ ಕೈಗಿತ್ತರು. ಪೊರೆ ಬೆಳೆದಿದ್ದ ನನ್ನ ಕಣ್ಣಿಗೆ ಅಕ್ಷರಗಳೆಲ್ಲ ಮಂಜು. ನೀನೇ ಓದಿ ಹೇಳಿದೆ. ಬಾಲ್ಯದಲ್ಲಿ ನನಗೆ ಪಾಠ ಹೇಳಿಕೊಟ್ಟವನು ನೀನು; ಒಂದಕ್ಷರ ತಪ್ಪಿದರೂ ಅಧ್ಯಾಯವನ್ನು ಮೊದಲಿನಿಂದ ಹೇಳಿಸುತ್ತಿದ್ದವನು. ನಿನ್ನ ಓದನ್ನು ನಾನು ಹೇಗೆ ಶಂಕಿಸಲಿ?

ಕೆರೆಯ ಏರಿಯ ಮೇಲೆ ತೂಬಿನಿಂದ ಕೋಡಿಯವರೆಗೆ ನಮ್ಮ ನಡಿಗೆ. ಮೊದಲ ದಿನಗಳಲ್ಲಿ ಎಷ್ಟು ಸಲ ನಿಲ್ಲುತ್ತಿದ್ದೆವು. ಎಮ್ಮೆ ಮೇಯಿಸುತ್ತಿದ್ದ ಗೌರಮ್ಮ, "ಏನ್ ಸ್ವಾಮೇರಾ, ನಮ್ಮೆಮ್ಮೇನೇ ವಾಸಿ, ಇಷ್ಟ್ ಸಲ ನಿಲ್ಲಲ್ಲ" ಎಂದಾಗ ನೀನು, "ಹಳೇ ಬಸ್ಸು ಕಣಮ್ಮ, ಎಂಜಿನ್ ಆರ್ಬೇಕು" ಎಂದಿದ್ದೆ. ಮೂರನೆಯ ತಿಂಗಳಲ್ಲಿ ಒಮ್ಮೆಯೂ ನಿಲ್ಲದೆ ಕೋಡಿ ಮುಟ್ಟಿದೆ. ಅಂದು ನಿನ್ನ ಮುಖದಲ್ಲಿದ್ದ ಬೆಳಕು ನನ್ನ ಮಸುಕುಗಣ್ಣಿಗೂ ಕಂಡಿತ್ತು.

ಮತ್ತೊಂದು ಮುಂಜಾನೆ, ನಿನ್ನ ಕಾಲುಚೀಲದ ತುದಿಯಲ್ಲಿ ಹಳದಿಯ ಕಲೆ.

"ಏನಣ್ಣ ಅದು?"

"ಚಪ್ಪಲಿ ಕಚ್ಚಿದೆ ಕಣೋ. ಅರಿಶಿನ ಮೆತ್ತಿದೀನಿ."

"ಚೀಟೀಲಿ ಗಾಯದ ವಿಷ್ಯ ಏನಾದ್ರೂ ಇದ್ಯಾ, ಇನ್ನೊಂದ್ಸಲ ಓದು."

ನೀನು ಜೇಬಿನಿಂದ ತೆಗೆದು, ನಿನ್ನ ಪಾರಾಯಣದ ರಾಗ ಕೆಡದಂತೆ ಓದಿದೆ. "ಅಷ್ಟೇ ಇರೋದು. ನಡಿ, ಬಿಸ್ಲೇರತ್ತೆ."

ನಾನು ನಿನ್ನ ತೋಳು ಹಿಡಿದು ನಡೆಸಿದೆ. ಆ ದಿನವೂ, ಮುಂದಿನ ದಿನಗಳಲ್ಲೂ. ನೀನು ನಿಂತಾಗ "ಇನ್ನೇನು, ಕೋಡಿ ಬಂತು" ಎಂದು ಹುರಿದುಂಬಿಸಿದವನೂ ನಾನೇ. ಬೆರಳು ಕಪ್ಪಾಯಿತು, ನಂಜು ಏರಿತು; ಕಾಲನ್ನು ತೆಗೆದರೂ ನೀನು ಉಳಿಯಲಿಲ್ಲ.

ಕಣ್ಣಿನ ಶಸ್ತ್ರಚಿಕಿತ್ಸೆಯಾದ ಬಳಿಕ, ನಿನ್ನ ಪಾರಾಯಣದ ಪುಸ್ತಕ ಬಿಡಿಸಿದಾಗ ಆ ಚೀಟಿ ದೊರೆಯಿತು. ಕೊನೆಯ ಸಾಲಿನ ಕೆಳಗೆ ವೈದ್ಯೆ ಎರಡು ಗೆರೆ ಎಳೆದಿದ್ದರು: "ಪಾದದಲ್ಲಿ ಹುಣ್ಣು ಕಂಡರೆ, ಅಥವಾ ಸುಮ್ಮನೆ ಮಲಗಿದಾಗಲೂ ನೋವಿದ್ದರೆ, ನಡಿಗೆ ನಿಲ್ಲಿಸಿ ಅಂದೇ ಕರೆತನ್ನಿ."

ಏಕೆ ಬಿಟ್ಟೆ ಅಣ್ಣ, ಆ ಒಂದು ಸಾಲನ್ನು? ಕೋಡಿ ಮುಟ್ಟಿದ ಸಂತೋಷವನ್ನು ಕೆಲವು ವಾರಗಳ ಮಟ್ಟಿಗೂ ಬಿಟ್ಟುಕೊಡಲಾರದೆ ಹೋದೆಯಾ? ನನಗೊಂದು ಮಾತು ಹೇಳಿದ್ದರೆ ನಾನು ನಿನ್ನನ್ನು ಹೊತ್ತಾದರೂ... ನಿನ್ನನ್ನು ಕೊಂದ ದಾರಿಯಲ್ಲಿ ನನ್ನ ಕೈಯಿಂದಲೇ ನಡೆಸಿಕೊಂಡೆಯಲ್ಲ.

ಇನ್ನು ನೀನು ಕೇಳದ ಸುದ್ದಿ. ಈಗ ನನ್ನ ಎಡಗಾಲಿಗೂ ಅದೇ ರೋಗ. ಅದೇ ವೈದ್ಯೆಯನ್ನು ಕೇಳಿದೆ: "ನಮ್ಮಣ್ಣನ್ನ ತಿಂದ ನಡಿಗೆ ನಂಗೆ ಆಗತ್ತೇನಮ್ಮ?"

"ನಡಿಗೆ ತಿನ್ಲಿಲ್ಲ ಸ್ವಾಮಿ. ಗಾಯ ಮುಚ್ಚಿಟ್ಟಿದ್ದು ತಿಂತು" ಎಂದು, ನನ್ನ ಬೆರಳುಗಳ ಸಂದುಸಂದನ್ನೂ ಬಿಡಿಸಿ ನೋಡಿ, ಪಾದದ ನಾಡಿ ಹಿಡಿದು, ಆಮೇಲೆ ನಡೆಯಲು ಅಪ್ಪಣೆಯಿತ್ತರು.

ನಿತ್ಯವೂ ಬೆಳಿಗ್ಗೆ ಅತ್ತಿಗೆ ನನ್ನ ಅಂಗಾಲು ನೋಡಿ, ಕೊನೆಯ ಸಾಲಿನಿಂದಲೇ ಚೀಟಿ ಓದಲು ಮೊದಲಿಡುತ್ತಾರೆ. "ನಿಮ್ಮಣ್ಣನ ರಾಗ ನಂಗೆ ಬರಲ್ಲ ಕಣಪ್ಪ. ಆದ್ರೆ ಸಾಲು ಬಿಡಲ್ಲ" ಎನ್ನುತ್ತಾರೆ.

ನಿನ್ನನ್ನು ಕ್ಷಮಿಸಿದೆನೆಂದು ಬರೆಯಲು ಲೇಖನಿ ಇನ್ನೂ ಒಪ್ಪುತ್ತಿಲ್ಲ. ಆದರೂ ಹರಸುತ್ತೇನೆ. ಗೆರೆ ಎಳೆದ ಆ ವೈದ್ಯೆಗೆ ಆಯುಸ್ಸು ಬೆಳೆಯಲಿ. ಓದುವ ಅತ್ತಿಗೆಯ ಕಣ್ಣು ಮಾಸದಿರಲಿ. ನಿನಗೆ ಸದ್ಗತಿಯಾಗಲಿ. ನಡೆಯಬಲ್ಲ ಕಾಲುಗಳಿಗೆ ಹಾದಿ ಒದಗಲಿ. ನಿಲ್ಲಬೇಕಾದ ಕಾಲುಗಳಿಗೆ ನಿಲ್ಲಿಸುವವರು ಒದಗಲಿ.