ಹದಿನೆಂಟು ಇಂಚಿನ ಚೈನ್

19-1-2026, ಸೋಮವಾರ. ಕವಲಂದೆ.

ಚಾಪೆ, ದಿಂಬಿನ ಜೊತೆಗೆ ಈ ಡೈರಿಯನ್ನೂ ಜಗುಲಿಗೆ ತಂದಿಟ್ಟು ಮನೆಯವಳು ಒಳಗಿನಿಂದ ಚಿಲಕ ಹಾಕಿಕೊಂಡಳು.

ಬಚ್ಚಲ ಒಲೆಗೆ ಸೌದೆ ಕೊಯ್ಯುವ ಮಿಷನ್ ತರಲು ನಂಜನಗೂಡಿಗೆ ಹೋಗಿದ್ದೆ. ಚಿಕ್ಕದು ಹುಣಸೆ ಬೊಡ್ಡೆಗೆ ಸಾಲದು, ದೊಡ್ಡದನ್ನು ಎತ್ತಿದರೆ ನನ್ನ ಸೊಂಟ ಉಳಿಯದು. ಮಧ್ಯದ್ದೇ ಸರಿ ಎಂದು ಆರಿಸಿ, ಅಂಗಡಿಯಿಂದಲೇ ಇವಳಿಗೆ ಫೋನ್ ಮಾಡಿದೆ.

"ಚೈನ್ ಸಾ ತಗಂಡೆ ಕಣೇ."

"ನಂಗ್ಯಾಕ್ರೀ ಸಾ ಅಂತೀರಿ? ಎಷ್ಟುದ್ದ?"

"ಹದಿನೆಂಟಿಂಚು."

"ಕತ್ತಿಗೆ ಸರಿಯಾಯ್ತದಾ?"

ಅಂಗಡಿಯವನು ಆಗಷ್ಟೇ ಮಿಷನ್ ಓಡಿಸಿದ್ದ. ಆ ಸದ್ದಿನಲ್ಲಿ ನನಗೆ ಕೇಳಿಸಿದ್ದು ಕಟ್ಟಿಗೆ.

"ಎಷ್ಟೇ ದಪ್ಪ ಇರ್ಲಿ, ಸರಿಯಾಯ್ತದೆ!" ಅಂದುಬಿಟ್ಟೆ.

ನಾವು ಹುಟ್ಟಿದಾಗಿನಿಂದ ಸೌದೆ ಅನ್ನುವವರು. ಇವಳೇಕೆ ಇವತ್ತು ಕಟ್ಟಿಗೆ ಅಂದಳು ಎಂದು ಆಗಲೇ ಅನುಮಾನ ಬರಬೇಕಿತ್ತು.

ಮನೆಗೆ ಬಂದರೆ, ಇವಳು ಸೀರೆ ಬದಲಿಸಿ, ಚಿನ್ನದ ಚೈನ್ ನೋಡಲು ಪಕ್ಕದ ಮನೆ ದೇವೀರಮ್ಮನನ್ನೂ ಕರೆದು ಕೂರಿಸಿದ್ದಾಳೆ. ಗೋಣಿಚೀಲ ಬಿಚ್ಚಿದೆ.

ದೇವೀರಮ್ಮ ಬಗ್ಗಿ ನೋಡಿ, "ಇದ್ನ ಆಕಂಡ್ರೆ ಕತ್ತು ಎಲ್ಲುಳಿತದವ್ವಾ?" ಎಂದರು.

ಮಿಷನ್ನಿಗೆ ಒಂದು ವರ್ಷ ಗ್ಯಾರಂಟಿ ಕೊಟ್ಟಿದ್ದಾರೆ. ನನಗೆ ಈ ಜಗುಲಿ ಎಷ್ಟು ದಿನ ಎಂದು ಇವಳಿನ್ನೂ ಹೇಳಿಲ್ಲ.